ಹಿಗ್ಗಿಸಿದರೂ ಮತ್ತೆ ಕಿರಿದಾಗುವ ನಾಳ: ಮಕ್ಕಳ ಶ್ವಾಸಕೋಶದ ಅಭಿಧಮನಿಗಳ ಚಿಕಿತ್ಸೆಯ ಒಂದು ಪರಿಶೀಲನೆ

ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತವನ್ನು ಎಡ ಹೃತ್ಕರ್ಣಕ್ಕೆ ತಲುಪಿಸುವುದು ಸಾಮಾನ್ಯವಾಗಿ ನಾಲ್ಕು ಅಭಿಧಮನಿಗಳು. ಇವು ಕಿರಿದಾದರೆ ರಕ್ತ ಶ್ವಾಸಕೋಶದಲ್ಲೇ ತಡೆದು ನಿಂತು, ನೀರು ತುಂಬಿ, ಕ್ರಮೇಣ ಹೃದಯದ ಬಲಭಾಗಕ್ಕೂ ಹೊರೆಯಾಗುತ್ತದೆ. ಜನ್ಮಜಾತವಾಗಿ ಬರುವ ಈ ತೊಂದರೆಯನ್ನು 1951ರಲ್ಲಿ ವಿವರಿಸಿದವರು ಸಿಡ್ನಿಯ ರೋಗಶಾಸ್ತ್ರಜ್ಞ ಡಗ್ಲಸ್ ರೇ. ಮಕ್ಕಳ ಮಿದುಳು ಮತ್ತು ಯಕೃತ್ತಿಗೆ ತಗಲುವ ‘ರೇ ಸಿಂಡ್ರೋಮ್’ಗೆ ಹೆಸರಾದವರೂ ಅವರೇ. ಅಂದಿನಿಂದ ಶಸ್ತ್ರಕ್ರಿಯೆ, ಬಲೂನು, ಸ್ಟೆಂಟು, ಔಷಧ ಎಲ್ಲವೂ ಬಂದಿವೆ. ಆದರೆ ನಾಳ ತೆರೆದ ದಿನವೇ ಯಶಸ್ಸನ್ನು ಅಳೆಯುವ ರೂಢಿ ಈ ರೋಗಕ್ಕೆ ಸಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ರೋಗ ಕಾಣಿಸಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ಅದು ಹುಟ್ಟಿನಿಂದಲೇ ಇರುತ್ತದೆ. ಅವಧಿಗೆ ಮುನ್ನ ಹುಟ್ಟಿ ಶ್ವಾಸಕೋಶ ಬಳಲಿದ ಶಿಶುಗಳಲ್ಲೂ ಈಗ ಹೆಚ್ಚಾಗಿ ಗುರುತಿಸಲಾಗುತ್ತಿದೆ. ಇನ್ನೊಂದು ದೊಡ್ಡ ಗುಂಪು ಟಿಎಪಿವಿಸಿ ಶಸ್ತ್ರಕ್ರಿಯೆ ಆದವರದು, ಅಂದರೆ ಈ ಅಭಿಧಮನಿಗಳೆಲ್ಲ ತಪ್ಪು ಜಾಗಕ್ಕೆ ಕೂಡಿಕೊಂಡಿದ್ದು, ಅವನ್ನು ಎಡ ಹೃತ್ಕರ್ಣಕ್ಕೆ ಜೋಡಿಸಿಕೊಂಡ ಮಕ್ಕಳದು. 1998ರಿಂದ 2004ರ ನಡುವೆ ಬ್ರಿಟನ್, ಐರ್ಲೆಂಡ್, ಸ್ವೀಡನ್‌ಗಳಲ್ಲಿ ಜನಿಸಿದವರ ಅಧ್ಯಯನದಲ್ಲಿ, ಶಸ್ತ್ರಕ್ರಿಯೆಯಾದ 406 ಮಕ್ಕಳ ಪೈಕಿ 71 ಮಂದಿಗೆ ಮತ್ತೆ ತಡೆ ಉಂಟಾಯಿತು. ಅವರಲ್ಲಿ 59 ಮಂದಿಗೆ ಅದು ಪತ್ತೆಯಾದದ್ದು ಮೊದಲ ಆರು ತಿಂಗಳೊಳಗೆ.

ಕಿರಿದಾದ ನಾಳದ ತುಣುಕನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಒಳಪದರ ದಪ್ಪಗಾಗಿ ರಕ್ತದ ದಾರಿಯನ್ನು ನುಂಗಿರುವುದು ಕಾಣುತ್ತದೆ. ಅಲ್ಲಿ ತುಂಬಿರುವುದು ಮುಖ್ಯವಾಗಿ ಮೈಯೋಫೈಬ್ರೊಬ್ಲಾಸ್ಟ್ ಕೋಶಗಳು. ಗಾಯ ಮಾಯಿಸಲು ದೇಹ ಬಳಸುವ ಈ ಕೋಶಗಳು ಇಲ್ಲಿ ಕೆಲಸ ನಿಲ್ಲಿಸುವುದನ್ನೇ ಮರೆತಿವೆ. ಹಾಗಾಗಿ ಹೊಲಿಗೆಯೂ ಬಲೂನಿನ ಒತ್ತಡವೂ ಅವುಗಳಿಗೆ ಹೊಸ ಗಾಯಗಳೇ.

1990ರ ದಶಕದಲ್ಲಿ ಪ್ಯಾರಿಸ್ ಮತ್ತು ಟೊರೊಂಟೊದ ಶಸ್ತ್ರವೈದ್ಯರು ರೂಢಿಗೆ ತಂದ ‘ಸೂಚರ್‌ಲೆಸ್’ ವಿಧಾನದ ಜಾಣ್ಮೆ ಇರುವುದು ಇಲ್ಲಿಯೇ. ಕಿರಿದಾದ ಅಭಿಧಮನಿಯನ್ನು ಉದ್ದಕ್ಕೆ ಸೀಳಿ ತೆರೆದು ಬಿಡುತ್ತಾರೆ. ಸೀಳಿದ ಅಂಚಿಗೆ ಸೂಜಿ ತಾಕಿಸುವುದಿಲ್ಲ. ಬದಲಿಗೆ ಹೃತ್ಕರ್ಣದ ಗೋಡೆಯನ್ನು ಸುತ್ತಲಿನ ಪೆರಿಕಾರ್ಡಿಯಂ ಪೊರೆಗೆ ಹೊಲಿಯುತ್ತಾರೆ. ರಕ್ತ ಈ ಪೊರೆಯ ಚೀಲಕ್ಕೆ ಸುರಿದು ಅಲ್ಲಿಂದ ಹೃದಯಕ್ಕೆ ಹೋಗುತ್ತದೆ. ಹೊಲಿಯದ ಅಂಚಿನಿಂದ ಎದೆಯೊಳಗೆ ರಕ್ತ ಸೋರುವುದಿಲ್ಲವೇ? ಹಿಂದಿನ ಶಸ್ತ್ರಕ್ರಿಯೆಯಿಂದ ಹೃದಯದ ಹಿಂಬದಿ ಅಂಟಿಕೊಂಡಿರುವ ಅಂಗಾಂಶವೇ ಅದನ್ನು ತಡೆಯುತ್ತದೆ. ಆದರೆ ರೋಗ ಶ್ವಾಸಕೋಶದೊಳಗಿನ ಸಣ್ಣ ಕವಲುಗಳಿಗೆ ಹಬ್ಬಿದ್ದರೆ ಈ ಕೌಶಲವೂ ಅಲ್ಲಿಗೆ ಮುಟ್ಟದು.

ಕವಲುಗಳವರೆಗೆ ಕ್ಯಾಥೆಟರ್ ಹೋಗಬಲ್ಲದು. ನಾಳದ ತ್ರಿಜ್ಯ ಅರ್ಧವಾದರೆ ಅಷ್ಟೇ ಒತ್ತಡದಲ್ಲಿ ಹರಿಯುವ ರಕ್ತ, ಲೆಕ್ಕದ ಪ್ರಕಾರ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಒಂದು ಮಿಲಿಮೀಟರ್ ಹಿಗ್ಗಿದರೂ ಲಾಭವೇ. ಬಲೂನು ಉಬ್ಬಿಸಿದಾಗ ಪರದೆಯ ಮೇಲೆ ನಾಳದ ಸೊಂಟ ಕರಗುವುದು ಕಾಣುತ್ತದೆ, ಆದರೆ ಕೆಲವೇ ವಾರಗಳಲ್ಲಿ ಅದು ಮರಳಿ ಬರಬಹುದು. ಸ್ಟೆಂಟು ಇಟ್ಟರೆ ಬೇರೆ ಪೇಚು: ಶಿಶುವಿಗೆ ಹೊಂದುವ ಸಣ್ಣ ಸ್ಟೆಂಟು ಬೆಳೆದ ಮಗುವಿಗೆ ಸಾಲದು, ಸಣ್ಣದಾದಷ್ಟೂ ಅದರೊಳಗೆ ಅಂಗಾಂಶ ಬೇಗ ತುಂಬುತ್ತದೆ.

ಅಳತೆಯ ವಿಷಯದಲ್ಲಿ ಮೋಸಹೋಗುವುದು ಸುಲಭ. ಎಕೋದಲ್ಲಿ ಸಹಜ ಅಭಿಧಮನಿಯ ಅಲೆ ಬಡಿತಕ್ಕೆ ತಕ್ಕಂತೆ ಏರಿ ತಳಮಟ್ಟಕ್ಕೆ ಇಳಿಯುತ್ತದೆ. ಕಿರಿದಾದ ನಾಳದಲ್ಲಿ ವೇಗ ಹೆಚ್ಚಿ, ಅಲೆ ತಳ ಮುಟ್ಟುವುದೇ ಇಲ್ಲ. ಆದರೆ ನಾಳ ಬಹುತೇಕ ಮುಚ್ಚಿದಾಗ ರಕ್ತ ಶ್ವಾಸಕೋಶದ ಬೇರೆ ಭಾಗಗಳತ್ತ ತಿರುಗಿಕೊಳ್ಳುತ್ತದೆ. ಆಗ ಒತ್ತಡದ ಅಂತರ ಕಡಿಮೆಯೆಂದು ತೋರುತ್ತದೆ, ವರದಿಯೂ ಸಮಾಧಾನಕರವಾಗಿರುತ್ತದೆ! ಅನುಮಾನವಿದ್ದಲ್ಲಿ ಸಿಟಿ ಆಂಜಿಯೋಗ್ರಫಿ ಮತ್ತು ರಕ್ತ ಹಂಚಿಕೆಯ ಸ್ಕ್ಯಾನ್ ಬೇಕೇ ಬೇಕು. ಅಭಿಧಮನಿಯ ತಡೆಯನ್ನು ಗುರುತಿಸದೆ ಶ್ವಾಸಕೋಶದ ಅಧಿಕ ರಕ್ತದೊತ್ತಡಕ್ಕೆಂದು ಅಪಧಮನಿ ಹಿಗ್ಗಿಸುವ ಔಷಧ ಕೊಟ್ಟರೆ ಶ್ವಾಸಕೋಶದಲ್ಲಿ ನೀರು ಇನ್ನಷ್ಟು ತುಂಬಬಹುದು.

ಕೋಶಗಳನ್ನೇ ತಡೆಯುವ ಯತ್ನ ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ವಿನ್‌ಬ್ಲಾಸ್ಟಿನ್, ಮೆಥೊಟ್ರೆಕ್ಸೇಟ್‌ಗಳಿಂದ ಮೊದಲಾಗಿ, ಇಮ್ಯಾಟಿನಿಬ್ ಮತ್ತು ಬೆವಾಸಿಜುಮ್ಯಾಬ್‌ಗೆ ಸಾಗಿತು. ಅಟ್ಲಾಂಟಾದ ತಂಡ ಸಿರೊಲಿಮಸ್ ಪ್ರಯೋಗಿಸಿತು. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಈ ವಸ್ತುವನ್ನು ಬೇರ್ಪಡಿಸಿದ ತಂಡದ ಪ್ರಮುಖರು ಭಾರತ ಮೂಲದ ಸುರೇನ್ ಸೆಹಗಲ್. ಫಲಿತಾಂಶ ಆಶಾದಾಯಕವಾದರೂ ಎಚ್ಚರಿಕೆಯಿಂದ ಓದಬೇಕು. ಔಷಧ ಸಿಗುವವರೆಗೆ ಬದುಕಿದ ಮಗು ಅಷ್ಟರಮಟ್ಟಿಗೆ ಗಟ್ಟಿಯಾದದ್ದೇ; ಅಂಥವರನ್ನು ಹಿಂದಿನ ಮಕ್ಕಳೊಂದಿಗೆ ಹೋಲಿಸಿದರೆ ಔಷಧದ ಗುಣ ಹೆಚ್ಚಾಗಿಯೇ ಕಾಣುತ್ತದೆ. ಸೋಂಕಿನ ಭಯವಿದೆ, ಗಾಯ ಮಾಯುವುದು ತಡವಾಗುತ್ತದೆ, ರಕ್ತದಲ್ಲಿ ಔಷಧದ ಮಟ್ಟವನ್ನು ಪದೇ ಪದೇ ನೋಡಬೇಕಾಗುತ್ತದೆ. ಇಷ್ಟಿದ್ದರೂ ಹಿಗ್ಗಿಸುವಿಕೆಯ ಜೊತೆಗೆ ಔಷಧ ಕೊಡುವ ದಾರಿಯೇ ರೋಗದ ಸ್ವಭಾವಕ್ಕೆ ಹತ್ತಿರವೆಂದು ನನಗನ್ನಿಸುತ್ತದೆ.

ಬೆಂಗಳೂರಿನಲ್ಲೂ ಟಿಎಪಿವಿಸಿ ಶಸ್ತ್ರಕ್ರಿಯೆಗಳು ನಡೆಯುತ್ತವೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಜನ್ಮಜಾತ ಹೃದ್ರೋಗಗಳನ್ನು ಹುಡುಕುತ್ತಿದೆ. ಊರಿಗೆ ಮರಳಿದ ಕೂಸು ಮೇಲುಸಿರು ಬಿಟ್ಟು, ಹಾಲು ಕುಡಿಯುವಾಗ ಬೆವರಿದರೆ ಅದು ನ್ಯುಮೋನಿಯಾದಂತೆಯೇ ಕಾಣುತ್ತದೆ. ಆದ್ದರಿಂದ ಡಿಸ್ಚಾರ್ಜ್ ಪತ್ರದಲ್ಲಿ ಮುಂದಿನ ಆರು ತಿಂಗಳ ಎಕೋ ತಾರೀಖುಗಳೂ, ಪ್ರತಿ ಬಾರಿ ನಾಲ್ಕೂ ಅಭಿಧಮನಿಗಳನ್ನು ಬಿಡಿಬಿಡಿಯಾಗಿ ನೋಡಬೇಕೆಂಬ ಸೂಚನೆಯೂ ಇರಬೇಕು.