ಮಿಷನ್ ಸಾಲಿಯಿಂದ ಮೆಟ್ರಿಕ್ ತನಕ



1856ರಲ್ಲಿ ಧಾರವಾಡದ ಸರ್ಕಾರಿ ಶಾಲೆ ಒಬ್ಬ ಮಹಾರ್ ಹುಡುಗನಿಗೆ ಪ್ರವೇಶ ಕೊಡಲಿಲ್ಲ. ಅವನು ಮುಂಬೈ ಸರ್ಕಾರಕ್ಕೆ ಅರ್ಜಿ ಬರೆದ, ಅದೂ ಕೈಬಿಟ್ಟಿತು. ಅಂಥ ಕಾಲದಾಗ ನಮ್ಮ ಮಂದಿಗೆ ಬಾಗಿಲು ತೆರೆದವರಲ್ಲಿ ಮಿಷನ್ ಸಾಲಿಗಳು ಮುಂದಿದ್ದವು. ಸೊಲ್ಲಾಪುರದಾಗ ಅಮೆರಿಕನ್ ಮರಾಠಿ ಮಿಷನ್ ಸಾಲಿ ನಡೆಸಿತು.

ಆದರೆ ಅಕ್ಷರ ಕಲಿತರೆ ಸಾಲದು, ಮುಂದೆ ಹೋಗಲು ಮಾನ್ಯತೆಯೂ ಬೇಕು. 1854ರ ವುಡ್ ಆದೇಶದಂತೆ, ಸರ್ಕಾರಿ ತಪಾಸಣೆಗೆ ಒಪ್ಪಿದ ಖಾಸಗಿ ಶಾಲೆಗೆ, ಮಿಷನ್ ಶಾಲೆಗೂ, ಅನುದಾನ ಸಿಗಬಹುದಿತ್ತು. ಕಾಲೇಜಿಗೆ ದಾರಿ ಮಾತ್ರ ಮುಂಬೈ ವಿಶ್ವವಿದ್ಯಾಲಯದ ಮೆಟ್ರಿಕ್. ಬಾಬಾಸಾಹೇಬರು ಅದನ್ನು 1907ರಲ್ಲಿ ಪಾಸಾದರು. ಹಳ್ಳಿ ಹುಡುಗರಿಗೆ ಪೇಟೆಯಲ್ಲಿ ಇರಲು ಜಾಗವಿಲ್ಲವೆಂದು ಅವರ ಬಹಿಷ್ಕೃತ ಹಿತಕಾರಿಣಿ ಸಭಾ 1925ರಲ್ಲಿ ಸೊಲ್ಲಾಪುರದಾಗ ಹೈಸ್ಕೂಲು ಹುಡುಗರ ವಸತಿಗೃಹ ತೆರೆಯಿತು. ಇಲ್ಲಿ ದಯಾನಂದ ಕಾಲೇಜು ಬಂದದ್ದು 1940ರಲ್ಲಿ.

ಇಂದು ಚಿಂಚೋಳಿ ಎಂಐಡಿಸಿ ಗೇಟ್ ಹತ್ತಿರ ಐತಿ; ಹತ್ತನೇ ಮುಗಿದರೆ ಹುಡುಗನ್ನ ಕೆಲಸಕ್ಕೆ ಕಳಿಸೋಣ ಅನಿಸ್ತದ. ತಡೀರಿ. ಯಾವ ಸಾಲಿಗೆ ಹಾಕಿದ್ರೂ ಮೊದಲು ಕೇಳ್ರಿ: ಮಾನ್ಯತೆ ಐತೇನು? ಬೋರ್ಡು ಯಾವುದು? ಹನ್ನೆರಡನೇ ತನಕ ಇಲ್ಲೇ ಕಲಿಸ್ತೀರೇನು?

ಧಾರವಾಡದ ಆ ಹುಡುಗ ಒಬ್ಬನೇ ನಿಂತು ಸರ್ಕಾರವನ್ನೇ ಕೇಳಿದ. ನಾವು ಸಂಘಟನೆಯಾಗಿ ಕೇಳೋಣ.

ಜೈ ಭೀಮ್!