ಕೋವಿ: ಬಚ್ಚಿಡುವುದೋ, ತೋರುವುದೋ?

ಪೀಣ್ಯದ ಕಾರ್ಖಾನೆ ಮಾಲೀಕರೊಬ್ಬರು ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಳ್ಳಬೇಕಾದರೆ ಪರವಾನಗಿ ಬೇಕು. ಹೊರಗೆ ಒಯ್ಯುವಾಗ ಅದು ಪೂರ್ತಿ ಮುಚ್ಚಿರಬೇಕೆನ್ನುತ್ತವೆ 2016ರ ಶಸ್ತ್ರಾಸ್ತ್ರ ನಿಯಮಗಳು.

ಕೊಡಗಿನ ಕಥೆಯೇ ಬೇರೆ. 1857ರ ದಂಗೆಯ ನಂತರ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಹೊರಟರು. ಆದರೆ ಕೊಡವರಿಗೆ 1861ರಲ್ಲಿ ಕಮೀಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟರು. ಅದು ನಿಷ್ಠೆಗೆ ಸಂದ ಬಹುಮಾನ. ಸ್ವತಂತ್ರ ಭಾರತವೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ 1963ರಲ್ಲಿ ವಿನಾಯಿತಿ ನೀಡಿತು.

ಅಲ್ಲಿ ಕೋವಿ ಬಚ್ಚಿಡುವ ವಸ್ತುವಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಹೂ ಮುಡಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಸುದ್ದಿ ಊರಿಗೆಲ್ಲ ತಿಳಿಯುತ್ತದೆ.

ಇದು ತಾರತಮ್ಯವೆಂಬ ವಾದವನ್ನು 2021ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ಆದರೂ ಈ ವಿನಾಯಿತಿಯ ಅವಧಿ 2029ಕ್ಕೆ ಮುಗಿಯುತ್ತದೆ. ಆಗ ಪ್ರಶ್ನೆ ಮತ್ತೆ ಏಳುವುದು ಖಚಿತ.