ಹೊಸ ಗಿಟಾರಿಗೆ ಹಳೇ ಗಾಯ

ಹೊಚ್ಚ ಹೊಸ ಗಿಟಾರ್. ಇನ್ನೂ ಯಾರೂ ನುಡಿಸಿಲ್ಲ. ಆದರೆ ಬಣ್ಣ ಕಿತ್ತುಹೋಗಿದೆ, ಸ್ಕ್ರೂ ತುಕ್ಕು ಹಿಡಿದಿದೆ, ಹೊಳಪು ಮಾಸಿದೆ. ಡಿಸ್ಕೌಂಟ್ ಕೇಳಿದ್ರೆ ಅಂಗಡಿಯವನು ನಗ್ತಾನೆ. ಯಾಕಂದ್ರೆ ಪಕ್ಕದಲ್ಲಿ ಫಳಫಳ ಹೊಳೆಯುತ್ತಿರುವ ಮಾಮೂಲಿ ಗಿಟಾರಿಗಿಂತ ಇದಕ್ಕೇ ಬೆಲೆ ಜಾಸ್ತಿ!

ಹರಿದ ಜೀನ್ಸ್‌ಗೆ ದುಡ್ಡು ಕೊಡೋ ಕಾಲದಲ್ಲಿ ಇದೇನು ಮಹಾ ಅಂತ ನೀವು ಕೇಳಬಹುದು. ವ್ಯತ್ಯಾಸ ಇದೆ. ಹರಿದ ಜೀನ್ಸ್ ನೋಡಿ ಯಾರೂ ಚರಿತ್ರೆ ಬರೆಯಲ್ಲ. ಹಳೇ ವಾದ್ಯದ ಮೈಮೇಲಿನ ಸವೆತವನ್ನು ಮಾತ್ರ ಸಾಕ್ಷಿ ಅಂತಲೇ ಓದುತ್ತಾರೆ.

ಐರ್ಲೆಂಡಿನ ರೋರಿ ಗ್ಯಾಲಗರ್ ಅವರನ್ನೇ ನೋಡಿ. 1963ರಲ್ಲಿ, 15ನೇ ವಯಸ್ಸಿಗೆ, ಕಾರ್ಕ್ ನಗರದ ಅಂಗಡಿಯೊಂದರಲ್ಲಿ 100 ಪೌಂಡಿಗೆ ಒಂದು ಫೆಂಡರ್ ಸ್ಟ್ರಾಟೋಕಾಸ್ಟರ್ ಕೊಂಡರು. 1961ರ ತಯಾರಿ. ಮೂರು ದಶಕ ಅದನ್ನೇ ನುಡಿಸಿದರು. ಒಮ್ಮೆ ಕಳ್ಳತನವಾಗಿ, ಮಳೆಯಲ್ಲಿ ನೆಂದು ವಾಪಸ್ ಬಂತು. ವೇದಿಕೆ ಮೇಲೆ ಅವರ ಮೈಯಿಂದ ಇಳಿದ ಬೆವರು ಬಣ್ಣವನ್ನೇ ತಿಂದುಹಾಕಿ, ಕೊನೆಗೆ ಬರೀ ಮರ ಉಳಿಯಿತು. ಆ ಗಿಟಾರ್ 2024ರಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 8 ಲಕ್ಷ 89 ಸಾವಿರ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಕೊಂಡವರು ಐರ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಮ್ಮಿಗೆ ಕೊಡಲೆಂದೇ ಕೊಂಡಿದ್ದು.

ಬೆವರಿಗೆ ಬಣ್ಣ ಹೋಗೋದು ಹೇಗೆ? ಆ ಕಾಲದ ಗಿಟಾರಿಗೆ ಹಚ್ಚುತ್ತಿದ್ದದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಅಮೆರಿಕದ ಕಾರು ಉದ್ಯಮದಿಂದ ಬಂದ ಬಣ್ಣ. ಬೇಗ ಒಣಗುತ್ತೆ, ತೆಳ್ಳಗೆ ಕೂರುತ್ತೆ. ಆದರೆ ವರ್ಷ ಕಳೆದಂತೆ ಹಳದಿಯಾಗುತ್ತೆ, ಗಡಸಾಗುತ್ತೆ, ಚಳಿ-ಬಿಸಿಲಿಗೆ ಮರ ಹಿಗ್ಗಿ ಕುಗ್ಗಿದಾಗ ಕೂದಲೆಳೆಯಂತೆ ಬಿರುಕು ಬಿಡುತ್ತೆ. 60ರ ದಶಕದ ಕೊನೆಗೆ ಫೆಂಡರ್ ಪಾಲಿಯೆಸ್ಟರ್ ಲೇಪನಕ್ಕೆ ಹೋಯಿತು. ದಪ್ಪ, ಗಾಜಿನಂಥ ಹೊಳಪು. ಅದು ಅಷ್ಟು ಸುಲಭವಾಗಿ ಮುದಿಯಾಗಲ್ಲ. ಗಟ್ಟಿ ಬಣ್ಣ ಬೇಕು ಅಂತ ಎಂಜಿನಿಯರ್‌ಗಳು ಕಷ್ಟಪಟ್ಟರು. ಮುಂದೆ ಗಿರಾಕಿಗಳು ಬಂದು, ಆ ಸವೆಯೋ ಬಣ್ಣವೇ ಚೆನ್ನಾಗಿತ್ತು ಅಂದರು. ಎಂಜಿನಿಯರಿಂಗ್ ಓದಿದ ನನಗೆ ಇದು ಹೊಸದೇನಲ್ಲ ಬಿಡಿ.

1995ರ ಜನವರಿ. ಅಮೆರಿಕದ ವಾದ್ಯಗಳ ದೊಡ್ಡ ಮೇಳ ನ್ಯಾಮ್‌ನಲ್ಲಿ ಫೆಂಡರ್ ಎರಡು 'ಹಳೇ' ಗಿಟಾರ್‌ಗಳನ್ನು ಇಟ್ಟಿತು. ಎರಡೂ ಹೊಸವು! ಕಂಪನಿಯ ಕಸ್ಟಮ್ ಶಾಪ್‌ನ ಜೆ. ಡಬ್ಲ್ಯು. ಬ್ಲ್ಯಾಕ್ ಹಾಗೂ ಮಿಸೌರಿಯ ವಿನ್ಸ್ ಕುನೆಟ್ಟೊ ಸೇರಿ ಮಾಡಿದ ಕೆಲಸ. ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ 'ಇವು ತೀರಾ ಹೊಸದಾಗಿ ಕಾಣ್ತವೆ' ಅಂತ ತಕರಾರು ತೆಗೆದದ್ದೇ ಇದಕ್ಕೆ ಮೂಲ ಅನ್ನೋ ಕಥೆ ಇದೆ. ಕಂಪನಿ ಕೊಟ್ಟ ಹೆಸರು 'ರೆಲಿಕ್', ಅಂದರೆ ಚರ್ಚುಗಳಲ್ಲಿ ಕಾಪಾಡಿಡುವ ಸಂತರ ಅವಶೇಷ. ಅದೇ ವರ್ಷ ಜೂನ್‌ನಲ್ಲಿ, 47ನೇ ವಯಸ್ಸಿಗೆ ರೋರಿ ಗ್ಯಾಲಗರ್ ತೀರಿಕೊಂಡರು. ಮುಂದೆ ಅವರ ಗಿಟಾರಿನ ಗಾಯಗಳನ್ನೂ ನಕಲು ಮಾಡಿ ಫೆಂಡರ್ ಮಾರಾಟಕ್ಕೆ ಬಿಟ್ಟಿತು.

ಮನೆಯಲ್ಲೇ ಈ ಕೆಲಸ ಮಾಡುವವರೂ ಇದ್ದಾರೆ. ಹೊಳಪು ಅಂದರೆ ಏನು? ನುಣುಪಾದ ಮೇಲ್ಮೈಗೆ ಬಿದ್ದ ಬೆಳಕು ಕನ್ನಡಿಯಂತೆ ಒಂದೇ ದಿಕ್ಕಿಗೆ ವಾಪಸ್ಸಾಗೋದು. ಸಣ್ಣ ಗೀರು ಬಿದ್ದರೆ ಬೆಳಕು ಚದುರಿ ಮೈ ಮಂಕಾಗುತ್ತೆ. ಅದಕ್ಕೆ ಬೇಕಾದ್ದು ಸ್ಟೀಲ್ ವುಲ್, ನಮ್ಮ ಪಾತ್ರೆ ಉಜ್ಜೋ ಸ್ಕ್ರಬ್ಬರ್‌ನ ಮೆತ್ತನೆಯ ತಮ್ಮ. ಅದರಲ್ಲೂ ನಾಲ್ಕು ಸೊನ್ನೆ ಗುರುತಿನ ಅತಿ ನಯವಾದದ್ದು. ಇಲ್ಲೊಂದು ಎಡವಟ್ಟಿದೆ. ಗಿಟಾರಿನ ಪಿಕಪ್ ಒಳಗೆ ಇರೋದು ಅಯಸ್ಕಾಂತ. ಉದುರಿದ ಉಕ್ಕಿನ ಪುಡಿಯೆಲ್ಲ ಅಲ್ಲಿಗೇ ಹೋಗಿ ಅಂಟುತ್ತೆ. ಮೊದಲೇ ಟೇಪ್ ಹಚ್ಚಿ ಮುಚ್ಚಬೇಕು. ಇಡೀ ಮೈಯನ್ನು ಒಂದೇ ಸಮ ಉಜ್ಜಿದರಂತೂ ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ. ನಿಜವಾಗಿ ಹಳೆಯದಾದ ಗಿಟಾರ್ ಮೊಣಕೈ ತಾಗೋ ಕಡೆ ಸವೆದಿರುತ್ತೆ, ಕೈ ತಾಗದ ಮೂಲೆಯಲ್ಲಿ ಇನ್ನೂ ಹೊಳೀತಿರುತ್ತೆ.

ಈ ಚಾಳಿ ಗಿಟಾರಿನವರು ಶುರು ಮಾಡಿದ್ದಲ್ಲ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಜಾನ್ ಬಾಪ್ಟಿಸ್ಟ್ ವಿಯೋಮ್ ಅನ್ನೋ ಪಿಟೀಲು ತಯಾರಕ, ಇಟಲಿಯ ಸ್ಟ್ರಾಡಿವರಿ ಪಿಟೀಲುಗಳ ನಕಲು ಮಾಡುತ್ತಿದ್ದ. ವಾರ್ನಿಶ್‌ನ ಸವೆತವನ್ನೂ ಬಿಡುತ್ತಿರಲಿಲ್ಲ. ತಮಾಷೆ ಏನಂದ್ರೆ, ಅದೇ ವಿಯೋಮ್ ಕೈಗೆ 1855ರಲ್ಲಿ 'ಮೆಸಾಯ' ಅನ್ನೋ ಪಿಟೀಲು ಬಂತು. ಸ್ಟ್ರಾಡಿವರಿ 1716ರಲ್ಲಿ ಮಾಡಿದ್ದು. ಹೆಚ್ಚು ಯಾರೂ ನುಡಿಸಿಲ್ಲದ್ದರಿಂದ ನಿನ್ನೆ ಮಾಡಿದಂತೆ ಕಾಣುತ್ತೆ. ಇವತ್ತು ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿದೆ. 1990ರ ದಶಕದ ಕೊನೆಗೆ ಇದು ನಕಲಿ ಇರಬಹುದಾ ಅನ್ನೋ ವಿವಾದ ಎದ್ದಿತು. ವಿಯೋಮ್ ಕೈ ದಾಟಿ ಬಂದ ವಾದ್ಯ, ಮೇಲೆ ಇಷ್ಟೊಂದು ಹೊಳಪು. ಅನುಮಾನ ಸುಮ್ಮನೆ ಬಿಡುತ್ತಾ? ಕೊನೆಗೆ ಮರದ ಬೆಳವಣಿಗೆಯ ಉಂಗುರಗಳನ್ನು ಅಳೆದು, ಮರ ಸ್ಟ್ರಾಡಿವರಿಯ ಕಾಲಕ್ಕೆ ಹೊಂದುತ್ತದೆ ಎಂದು ತೋರಿಸಬೇಕಾಯಿತು.

ನನ್ನ ತಕರಾರು ಇರೋದು ಇಲ್ಲೇ. ಕೊಂಡವನಿಗೆ ಸವೆದ ಕತ್ತು ಕೈಗೆ ಹಿತ ಅನ್ನಿಸುತ್ತೆ, ಮೊದಲ ಗೀರಿನ ಭಯ ಇರಲ್ಲ. ಒಪ್ಪೋಣ, ಅವನ ದುಡ್ಡು, ಅವನ ಇಷ್ಟ. ಫೆಂಡರ್ ಕೂಡ ಇದು ಹೊಸದು ಅಂತ ಹೇಳಿಯೇ ಮಾರುತ್ತೆ. ಆದರೆ ಎರಡನೇ, ಮೂರನೇ ಕೈಗೆ ಹೋದಾಗ ಹೇಳೋರು ಯಾರು? ನಕಲಿ ಸವೆತದ ಕಲೆ ಸುಧಾರಿಸಿದಷ್ಟೂ, ನಿಜವಾಗಿ ಬೆವರು ಸುರಿಸಿದವನ ಗಿಟಾರಿನ ಮೇಲೂ ಅನುಮಾನ ಬೀಳುತ್ತೆ. ಆಗ ಅದನ್ನೂ ಬಿಚ್ಚಿ, ಒಳಗಿನ ಬಣ್ಣ, ಬೆಸುಗೆ ಎಲ್ಲ ಪರೀಕ್ಷೆ ಮಾಡಿಸಬೇಕು.

ಇನ್ನೂ ಒಂದು ಸಂಗತಿ. ಆ ಮೊದಲ ರೆಲಿಕ್‌ಗಳಿಗೇ ಈಗ 30 ವರ್ಷ ದಾಟಿದೆ. 'ಕುನೆಟ್ಟೊ ಕಾಲದ್ದು' ಅಂತ ಸಂಗ್ರಾಹಕರು ಅವನ್ನೂ ಹುಡುಕಿಕೊಂಡು ಹೋಗ್ತಿದ್ದಾರೆ. ಇಷ್ಟು ವರ್ಷ ನುಡಿಸಿದವರ ಕೈಯಿಂದ ಅವುಗಳ ಮೈಮೇಲೆ ಅಸಲಿ ಗೀರುಗಳೂ ಬಿದ್ದಿವೆ, ಕಾರ್ಖಾನೆಯಲ್ಲಿ ಹಾಕಿದ ಗೀರುಗಳ ಪಕ್ಕದಲ್ಲೇ.